ಇಸ್ತ್ರಿಯಮ್ಮನ ಮಾತು ನಾಟಕಕ್ಕೆ ಹೋದದ್ದು

ಇಸ್ತ್ರಿಯಮ್ಮನ ಅಂಗಡಿ ರೈಲು ನಿಲ್ದಾಣದ ಹಿಂದಿನ ಬೀದಿಯಲ್ಲಿತ್ತು. ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆಯನ್ನು ಒಲೆಯಿಂದ ಮೇಜಿಗೆ ತರುವಾಗಲೆಲ್ಲ ಅವಳು "ಸರಕೊಳ್ರಪ್ಪೋ, ಸುಟ್ಟೀತು!" ಎಂದು ಕೂಗುತ್ತಿದ್ದಳು, ಅಂಗಡಿಯಲ್ಲಿ ನರಪಿಳ್ಳೆ ಇಲ್ಲದಿದ್ದರೂ ಕೂಗುತ್ತಿದ್ದಳು. ಮಧ್ಯಾಹ್ನ ಬಟ್ಟೆಯ ಹಬೆಗೆ ಕಣ್ಣು ಮಂಪರಾದಾಗ ಛಾವಣಿಗಳ ಮೇಲಿಂದ ಮಗಳ ದನಿ ತೇಲಿ ಬರುತ್ತಿತ್ತು. ನಿಲ್ದಾಣದ ಮೈಕಿನಲ್ಲಿ ರೈಲುಗಳು ಬರುವ ಹೋಗುವ ಹೊತ್ತನ್ನು ಸಾರುವ ಕೆಲಸ ಮಗಳದು. ಬೆಣ್ಣೆಯಂಥ ಮಾತು. ಕೆಲಸ ಸಿಕ್ಕಿದಂದಿನಿಂದ ಮನೆಯಲ್ಲೂ ಅದೇ ಮಾತು. "ಅವ್ವ" ಹೋಗಿ "ಅಮ್ಮ" ಬಂದಿತ್ತು. ಹಾಗೆ ಕರೆದಾಗಲೆಲ್ಲ ಪಕ್ಕದ ಮನೆಯವಳನ್ನು ಕರೆದಂತೆ ಕೇಳಿಸಿ ಇಸ್ತ್ರಿಯಮ್ಮನಿಗೆ ಸಂಕಟವಾಗುತ್ತಿತ್ತು.

ಆ ವರ್ಷ ನಾಟಕ ಕಂಪನಿಯ ನಟಿಯೊಬ್ಬಳು ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂರತೊಡಗಿದಳು. ಬೀದಿಯ ಹುಡುಗಿಗೆ ಪಂಡಿತನೊಬ್ಬ ದೊಡ್ಡವರ ಮಾತು ಕಲಿಸಿ ದೊಡ್ಡವರ ನಡುವೆ ನಿಲ್ಲಿಸುವ ಹಳೆಯ ನಾಟಕವಂತೆ. ಆ ಹುಡುಗಿಯ ಪಾತ್ರಕ್ಕೆ ಇಸ್ತ್ರಿಯಮ್ಮನ ಮಾತು ಬೇಕಾಗಿತ್ತು. "ನಿಮ್ಮ ಪಾಡಿಗೆ ನೀವು ಮಾತಾಡಿ" ಎಂದರೆ ಇಸ್ತ್ರಿಯಮ್ಮ ಬಿಡುತ್ತಾಳೆಯೇ? ಹಿಗ್ಗಿ ಹೀರೇಕಾಯಿಯಾದಳು.

ನಾಟಕಕ್ಕೆ ತಾಯಿ ಮಗಳು ಇಬ್ಬರೂ ಹೋದರು. ನೀಲಿ ಬೆಳಕಿನಲ್ಲಿ ನಟಿ ಬಟ್ಟೆಗಂಟು ಹೊತ್ತು ಶ್ರೀಮಂತರ ಹಜಾರಕ್ಕೆ ನುಗ್ಗಿ "ಸರಕೊಳ್ರಪ್ಪೋ!" ಎಂದಳು. ಜನ ಬಿದ್ದು ಬಿದ್ದು ನಕ್ಕರು. ಇಸ್ತ್ರಿಯಮ್ಮನಿಗೆ ಕನಸಿನಲ್ಲಿ ತನ್ನನ್ನೇ ದೂರದಿಂದ ನೋಡಿದಂತಾಯಿತು. ಪಕ್ಕಕ್ಕೆ ತಿರುಗಿದರೆ ಮಗಳು ತಲೆ ತಗ್ಗಿಸಿ ಕೂತಿದ್ದಳು. ಇರುವ ಒಬ್ಬಳೇ ಮಗಳೂ ಕೈತಪ್ಪಿದಳು ಎನ್ನಿಸಿತು.

ಮರುದಿನ ಇಸ್ತ್ರಿಯಮ್ಮ ಬಾಯಿ ಮುಚ್ಚಿಕೊಂಡೇ ಪೆಟ್ಟಿಗೆ ಎತ್ತಿದಳು. ಇನ್ನು ಕೂಗುವುದಿಲ್ಲ ಎಂದು ತೀರ್ಮಾನಿಸಿಬಿಟ್ಟಿದ್ದಳು. ಮಧ್ಯಾಹ್ನ ಎಂದಿನಂತೆ ದನಿ ತೇಲಿ ಬಂತು: "ಪ್ರಯಾಣಿಕರು ದಯವಿಟ್ಟು ಹಳಿಯಿಂದ ದೂರ ನಿಲ್ಲಬೇಕಾಗಿ ವಿನಂತಿ." ಮತ್ತೊಮ್ಮೆ ಅದೇ. ಆಮೇಲೆ ಇದ್ದಕ್ಕಿದ್ದಂತೆ, ಬೀದಿಯೇ ಬೆಚ್ಚುವ ಹಾಗೆ, "ಸರಕೊಳ್ರಪ್ಪೋ, ಗಾಡಿ ಬಂತು!"

ಬೀದಿಯವರು ಗೊಳ್ಳೆಂದು ನಕ್ಕರು. ಇಸ್ತ್ರಿಯಮ್ಮ ಮಾತ್ರ ಮುಂಗೈಯಿಂದ ಕಣ್ಣೊರೆಸಿಕೊಳ್ಳುತ್ತ ನಿಂತುಬಿಟ್ಟಳು. ಮೇಜಿನ ಮೇಲೆ ಯಾರದೋ ಅಂಗಿ ಸೀದುಹೋಯಿತು.

ಸಂಜೆ ಮಗಳು ಬಂದು ಸ್ಟೂಲಿನ ಮೇಲೆ ಕೂತಳು.

"ಮೇಲಿನವರು ಚೆನ್ನಾಗಿ ಬೈದ್ರು."

"ಯಾಕೆ ಹಂಗೆ ಕೂಗಕ್ಕೆ ಹೋದೆ?"

"ಜನ ಹಳಿ ಹತ್ರಾನೇ ನಿಂತಿದ್ರು. ಎರಡು ಸಲ ನಯವಾಗಿ ಹೇಳ್ದೆ, ಒಬ್ರೂ ಅಲ್ಲಾಡ್ಲಿಲ್ಲ. ನಿನ್ ಥರ ಕೂಗಿದ್ದೇ ತಡ, ಎಲ್ರೂ ಹಿಂದಕ್ಕೆ ಹಾರಿದ್ರು ಅವ್ವ."

ಇಸ್ತ್ರಿಯಮ್ಮನಿಗೆ ಸರಿಯಾಗಿಯೇ ಕೇಳಿಸಿತ್ತು. ಆದರೂ ಕೇಳಿಸದವಳಂತೆ, "ಏನಂದೆ?" ಎಂದಳು.

"ಅವ್ವಾ ಅಂದೆ."