ಒಬ್ಬರಿಗೆ ಎರಡೇ ಪ್ಯಾಕೆಟ್

ಕಂಪ್ಲಿಯ ಸೂಪರ್ ಮಾರ್ಕೆಟ್‌ನಲ್ಲಿ ನಾನು ಬಿಲ್ ಹಾಕೋನು. ಆವತ್ತು ಸಕ್ಕರೆ ಆಫರ್, ಒಬ್ಬರಿಗೆ ಎರಡೇ ಪ್ಯಾಕೆಟ್. ನಮ್ಮ ಓಣಿಯ ಕಿರಾಣಿ ಅಂಗಡಿ ಬಸಣ್ಣ ಟ್ರಾಲಿ ತುಂಬ ಸಕ್ಕರೆ ತಂದು ನಿಂತ.

"ಎರಡಕ್ಕಿಂತ ಜಾಸ್ತಿ ಕೊಡಾಕ ಬರಂಗಿಲ್ರಿ ಬಸಣ್ಣಾ," ಅಂದೆ.

ಟ್ರಾಲಿ ಅಲ್ಲೇ ಬಿಟ್ಟು ಹೋದ. ಸ್ವಲ್ಪ ಹೊತ್ತಿಗೆ ಓಣಿಯ ಹೆಂಗಸರೆಲ್ಲ ಬಂದು ಸಾಲಾಗಿ ನಿಂತರು, ಎಲ್ಲರ ಕೈಯಲ್ಲೂ ಎರಡೆರಡು ಪ್ಯಾಕೆಟ್.

"ಇಷ್ಟೂ ಬಸಣ್ಣನ ಅಂಗಡಿಗೇನ್ರಿ?"

ಮುಂದಿದ್ದ ಈರಮ್ಮ ದಬಾಯಿಸಿದಳು: "ಹೌದಪ. ಆತನ ಅಂಗಡಿ ಮುಚ್ಚಿದ್ರ, ಬೀಗರು ಬಂದಾಗ ಒಂದು ಚಾಕ್ಕ ಆಗೋವಷ್ಟು ಸಕ್ಕರಿ ನಿಮ್ಮ ಕಂಪ್ಯೂಟರ್ ಕೊಡ್ತೈತೇನು? ಜಲ್ದಿ ಬಿಲ್ ಮಾಡು."

ಮಾಡಿದೆ. ರೂಲ್ ಎಲ್ಲೂ ಮುರಿದಿರಲಿಲ್ಲ. ಮನಸ್ಸಿನಲ್ಲೇ ಆ ಹೆಂಗಸರಿಗೆ ಕೈಮುಗಿದೆ.

ಸಂಜೆ ಹೆಂಡತಿ ಸಕ್ಕರೆ ತರಲು ಹೇಳಿದಳು. ನಮ್ಮ ಮಾರ್ಕೆಟ್‌ನಲ್ಲಿ ಖಾಲಿಯಾಗಿತ್ತು. ಬಸಣ್ಣನ ಅಂಗಡಿಗೇ ಹೋದೆ.

"ಎಷ್ಟು ಬೇಕಾದ್ರೂ ತಗೋ ತಮ್ಮಾ," ಅಂದ. "ನಮ್ಮಲ್ಲಿ ಲಿಮಿಟ್ ಇಲ್ಲ."