ಮರಗಟ್ಟಿದ ಗಲ್ಲಕ್ಕೆ ಭಾರದ ಕತ್ತಿ

ಬೈಕಿನಿಂದ ಬಿದ್ದು ದವಡೆಯ ಆಪರೇಷನ್ ಆದ ಮೇಲೆ ನನ್ನ ಎಡಗಲ್ಲ ಮರಗಟ್ಟಿತ್ತು. ಮನೆಯಲ್ಲಿ ಗಡ್ಡ ಮಾಡಿಕೊಂಡರೆ ಕೊಯ್ದದ್ದೂ ತಿಳಿಯುತ್ತಿರಲಿಲ್ಲ. ಹಾಗಾಗಿ ಕುಡಚಿ ಸ್ಟೇಷನ್ ಹತ್ತಿರದ ಮುದುಕ ಕ್ಷೌರಿಕರ ಬಳಿ ಹೋಗತೊಡಗಿದೆ. ಅವರನ್ನು ಎಲ್ಲರೂ ಚಾಚಾ ಎನ್ನುತ್ತಿದ್ದರು.

ಮೊದಲ ದಿನ ಅವರು ಬ್ಲೇಡ್ ಬದಲಿಸುವ ಹಗುರ ಕತ್ತಿ ಹಿಡಿದರು. ಬಲಗಲ್ಲದ ಮೇಲೆ ಅದು ತುಸು ಉರಿಸುತ್ತ ಚುರುಕಾಗಿ ಓಡಿತು. ಎಡಕ್ಕೆ ಬಂದಾಗ ಬೇರೆ ಯಾರದೋ ಮುಖ ಬೋಳಿಸಿದಂತಾಯಿತು. ಅದನ್ನು ಹೇಳಿದೆ.

"ತಡೀರಿ ಅಣ್ಣಾರ," ಎಂದು ಚಾಚಾ ತಮ್ಮ ಅಪ್ಪನ ಕಾಲದ ಭಾರದ ಕತ್ತಿ ತೆಗೆದು, ಬಿಸಿನೀರಲ್ಲಿ ತೊಳೆದು, ಚರ್ಮದ ಪಟ್ಟಿಗೆ ತಿಕ್ಕಿದರು. "ಇದು ವಜ್ಜ ಐತ್ರಿ. ನಾ ಒತ್ತೂದ ಬ್ಯಾಡ, ತಾನ ಹೋಗತೈತಿ."

ಆ ಕತ್ತಿಯೂ ಗಲ್ಲಕ್ಕೆ ತಿಳಿಯಲಿಲ್ಲ, ಆದರೆ ಕಿವಿಗೆ ಕೇಳಿಸಿತು. ಕಬ್ಬಿನ ಒಣಗಿದ ಗರಿಯ ರವದಿಯ ಮೇಲೆ ಯಾರೋ ಮೆಲ್ಲಗೆ ನಡೆದಂಥ ಸದ್ದು ದವಡೆಯ ಎಲುಬಿನೊಳಗಿಂದ ಬರುತ್ತಿತ್ತು. ಕಣ್ಣು ಮುಚ್ಚಿ ಆ ಸದ್ದಿನ ಹಿಂದೆ ಎಷ್ಟೋ ದೂರ ಹೋಗಿಬಿಡುತ್ತಿದ್ದೆ. ವಾರಕ್ಕೊಮ್ಮೆ ಹೀಗೆ ನಾಲ್ಕು ತಿಂಗಳು ನಡೆಯಿತು.

ಒಂದು ಮುಂಜಾನೆ ಎಡಗಿವಿಯ ಕೆಳಗೆ ಹನಿ ನೀರು ಬಿದ್ದಂತಾಯಿತು.

"ಚಾಚಾ, ತಣ್ಣಗ ಅನಸ್ತ್ರಿ."

ಅವರ ಕೈ ನಿಂತಿತು. ಕತ್ತಿಯ ಬೆನ್ನನ್ನು ಗಲ್ಲಕ್ಕೆ ತಾಗಿಸಿ ಕೇಳಿದರು, "ಇಲ್ಲೆ?"

"ಹೂಂ."

"ಇಲ್ಲೆ?"

"ಇನ್ನೂ ಇಲ್ರಿ."

ಚಾಚಾ ಮತ್ತೆ ಸೋಪು ಹಚ್ಚಿ, ಆಗಲೇ ನುಣುಪಾಗಿದ್ದ ಎಡಗಲ್ಲವನ್ನು ನಿಧಾನವಾಗಿ ಇನ್ನೊಮ್ಮೆ ಬೋಳಿಸಿದರು. ನಾನೂ ಸಾಕು ಎನ್ನಲಿಲ್ಲ.