ಒಂದೇ ತಾರೀಖಿನಲ್ಲಿ ಹುಟ್ಟಿದವರು

ನಿವೃತ್ತನಾದ ಮೇಲೆ ನಾನು ದೇಶದ ಭದ್ರತೆಯ ಹೊಣೆ ಹೊತ್ತುಕೊಂಡೆ. ಯಾರೂ ವಹಿಸಿರಲಿಲ್ಲ. ಕೈಲಾಂಚ ಹೋಬಳಿಯ ಶಾಲೆಗಳಲ್ಲಿ ಮೂವತ್ತು ಚಿಲ್ಲರೆ ವರ್ಷ ಮೇಷ್ಟ್ರಾಗಿ, ಕಡೆಗೆ ಹೆಡ್‌ಮೇಷ್ಟ್ರಾಗಿ, ಹಾರ ಹಾಕಿಸಿಕೊಂಡು ರಾಮನಗರಕ್ಕೆ ಬಂದು ನೆಲೆಸಿದವನಿಗೆ ಬೆಳಿಗ್ಗೆ ಪೇಪರ್ ಓದಿ ಮುಗಿಸಿದರೆ ಸಂಜೆಯವರೆಗೆ ಬೇರೆ ಕೆಲಸವಿರಲಿಲ್ಲ. ಸಂಜೆ ಐದಕ್ಕೆ, ರೇಷ್ಮೆಗೂಡಿನ ಮಾರುಕಟ್ಟೆಯ ಹತ್ತಿರದ ಟೀ ಅಂಗಡಿಯ ಬೆಂಚಿನ ಮೇಲೆ ನಮ್ಮ ಸದನ ಸೇರುತ್ತಿತ್ತು. ಸದನಕ್ಕೆ ಬೇಕಾದ ಲಕ್ಷಣಗಳೆಲ್ಲ ಅದಕ್ಕಿದ್ದವು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಕೇಳುತ್ತಿರಲಿಲ್ಲ, ಯಾವ ನಿರ್ಣಯವೂ ಜಾರಿಗೆ ಬರುತ್ತಿರಲಿಲ್ಲ.

ಖಾಯಂ ಸದಸ್ಯರು ನಾಲ್ವರು. ನಾನು, ಕಂದಾಯ ಇಲಾಖೆಯಿಂದ ನಿವೃತ್ತರಾದ ಶಿರಸ್ತೇದಾರರು, ಗೂಡು ಬೇಯಿಸಿ ನೂಲು ತೆಗೆಯುವ ಸಣ್ಣ ಘಟಕ ಇಟ್ಟುಕೊಂಡಿದ್ದ ಸಾಬರು, ಮತ್ತು ಬಿಡದಿ ಕಡೆಯ ಜಮೀನು ಕಾರ್ಖಾನೆಗಳಿಗೆ ಹೋದ ಮೇಲೆ ಊರಂಚಿನಲ್ಲಿ ಆರು ಕೋಣೆಗಳ ಸಾಲುಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದ ಗೌಡರು.

ಆ ವರ್ಷಗಳಲ್ಲಿ ಬೆಳಿಗ್ಗೆ ಆರಕ್ಕೆಲ್ಲ ಕಂಪನಿ ಬಸ್ಸುಗಳು ಬಂದು ನಮ್ಮೂರ ಹುಡುಗರನ್ನು ಬಿಡದಿಗೆ ಹೊತ್ತೊಯ್ಯುತ್ತಿದ್ದವು. ನೂಲು ತೆಗೆಯುವ ಘಟಕದ ಬಿಸಿನೀರಿಗೆ ಕೈ ಹಾಕಲು, ಹುಳದ ವಾಸನೆ ಮೈಗೆ ಹತ್ತಿಸಿಕೊಳ್ಳಲು ಯಾರೂ ತಯಾರಿರಲಿಲ್ಲ. ಆ ಜಾಗಕ್ಕೆ ಎಲ್ಲೆಲ್ಲಿಂದಲೋ ಜನ ಬಂದರು. ಅದೇ ಹೊತ್ತಿಗೆ ಪೇಪರಿನಲ್ಲಿ ಗಡಿ ನುಸುಳಿ ಬಂದವರ ಸುದ್ದಿಯೂ ಬರತೊಡಗಿತು. ಸದನಕ್ಕೆ ಅದಕ್ಕಿಂತ ಒಳ್ಳೆಯ ವಿಷಯ ಬೇಕಿರಲಿಲ್ಲ.

ಶಿರಸ್ತೇದಾರರು ಮೂರು ಸುಧಾರಣೆಗಳನ್ನು ಮಂಡಿಸಿದರು. ಗಡಿಗೆ ಪೂರಾ ಬೇಲಿ, ದೇಶದ ಪ್ರತಿಯೊಬ್ಬನಿಗೂ ಫೋಟೋ ಇರುವ ಕಾರ್ಡು, ಕಾರ್ಡಿಲ್ಲದವನಿಗೆ ಕೆಲಸ ಕೊಟ್ಟ ಮಾಲೀಕನಿಗೆ ಜೈಲು.

"ಮಾಲೀಕ ಅಂದ್ರೆ ನಾನು ಕಣ್ರೀ," ಎಂದರು ಸಾಬರು. "ನನ್ನೇ ಮೊದ್ಲು ಒಳಗೆ ಹಾಕ್ಬುಟ್ರೆ ನಾಳೆ ನಿಮ್ ಟೀಗೆ ಯಾರು ಹೇಳ್ತಾರೆ?"

"ತಮಾಷೆಯಲ್ಲ ಸಾಬ್ರೇ. ದೇಶದ ಪ್ರಶ್ನೆ," ಎಂದರು ಶಿರಸ್ತೇದಾರರು.

"ದೇಶದ ಪ್ರಶ್ನೆ ಸರಿ. ನನ್ ಹತ್ರ ಹತ್ತು ಒಲೆ ಐತೆ, ಆರಕ್ಕೆ ಜನ ಇಲ್ಲ. ಬರೋರಿಗೆ ಸರ್ಕಾರಾನೇ ಒಂದು ಪರ್ಮಿಟ್ ಕೊಟ್ಬುಡ್ಲಿ. ಇಷ್ಟು ವರ್ಷ ಕೆಲ್ಸ ಮಾಡು, ಆಮೇಲೆ ಹೋಗು ಅಂತ. ಕದ್ದು ಬರೋದು ತಪ್ಪುತ್ತೆ. ಅವ್ನ ಕೈ ಬೇಕು, ಅವ್ನು ಮಾತ್ರ ಬೇಡ ಅಂದ್ರೆ ಹೆಂಗೆ?"

"ಪರ್ಮಿಟ್ ಕೊಟ್ರೆ ಅವ್ನು ವಾಪಸ್ ಹೋಗ್ತಾನಾ?" ಎಂದರು ಗೌಡರು. "ನಮ್ ಬೀಗರೇ ಬಂದ್ರೆ ಹೋಗಕಿಲ್ಲ."

ನನ್ನ ಪಕ್ಷ ದಾಖಲೆಯ ಪಕ್ಷ. ಬೇಲಿ ಕಟ್ಟಲಿ ಬಿಡಲಿ, ಪರ್ಮಿಟ್ ಕೊಡಲಿ ಬಿಡಲಿ, ಕಾಗದ ಸಾಚಾ ಇದ್ದವನು ಇರಲಿ, ಇಲ್ಲದವನು ಹೋಗಲಿ ಎಂದು ನಾನು ಪ್ರತಿದಿನ ಹೇಳುತ್ತಿದ್ದೆ. ಈ ಮಾತು ನನ್ನ ಬಾಯಲ್ಲಿ ಎಷ್ಟು ಗಂಭೀರವಾಗಿ ಬರುತ್ತಿತ್ತೆಂದರೆ, ಟೀ ಅಂಗಡಿಯವನೂ ಲೋಟ ತೊಳೆಯುವುದನ್ನು ನಿಲ್ಲಿಸಿ ತಲೆಯಾಡಿಸುತ್ತಿದ್ದ.

ಇಲ್ಲಿ ನನ್ನ ವೃತ್ತಿಯ ಒಂದು ಗುಟ್ಟು ಹೇಳಬೇಕು. ನಮ್ಮ ಕಾಲದಲ್ಲಿ ಮಗುವನ್ನು ಶಾಲೆಗೆ ಸೇರಿಸಲು ಬಂದ ತಂದೆತಾಯಿಗೆ ಅದು ಹುಟ್ಟಿದ ದಿನ ಗೊತ್ತಿರುತ್ತಿರಲಿಲ್ಲ. "ರಾಗಿ ಕುಯ್ಲಲ್ಲಿ ಹುಟ್ತು ಸಾ, ಅಮಾಸೆ ಆಗಿ ಮೂರ್ ದಿನಕ್ಕೆ" ಎನ್ನುವರು. ಯಾವ ವರ್ಷದ ರಾಗಿ ಎಂದರೆ ಗಂಡ ಹೆಂಡತಿ ಅಲ್ಲೇ ಜಗಳಕ್ಕೆ ನಿಲ್ಲುವರು. ನಾನು ಮಗುವಿಗೆ, ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟು ಎನ್ನುತ್ತಿದ್ದೆ. ಮುಟ್ಟಿದರೆ ವಯಸ್ಸು ಸಾಕು. ಆಮೇಲೆ ದಾಖಲಾತಿ ಪುಸ್ತಕದಲ್ಲಿ ಜೂನ್ ತಿಂಗಳ ಒಂದು ತಾರೀಖನ್ನು ನಾನೇ ದಯಪಾಲಿಸುತ್ತಿದ್ದೆ, ಬಹುಮಟ್ಟಿಗೆ ಒಂದನೇ ತಾರೀಖು. ಹೀಗೆ ಕೈಲಾಂಚ ಹೋಬಳಿಯ ಒಂದು ತಲೆಮಾರನ್ನು ನಾನು ಒಂದೇ ದಿನ ಹುಟ್ಟಿಸಿದ್ದೇನೆ. ಗೌಡರ ಮಗನೂ ಆ ದಿನ ಹುಟ್ಟಿದವನೇ. ಸಾಲದ್ದಕ್ಕೆ, ಮುಂದೆ ನೌಕರಿಗೆ ಅನುಕೂಲವಾಗಲಿ ಎಂದು ಗೌಡರು ಕೇಳಿದ್ದರಿಂದ ಅವನನ್ನು ಎರಡು ವರ್ಷ ತಡವಾಗಿ ಹುಟ್ಟಿಸಿದೆ. ಅವನು ಈಗ ಸರ್ಕಾರಿ ಕೆಲಸದಲ್ಲಿದ್ದಾನೆ. ನನ್ನನ್ನೂ ನಮ್ಮ ಮೇಷ್ಟ್ರು ಹಾಗೆಯೇ ತಡವಾಗಿ ಹುಟ್ಟಿಸಿದ್ದರು. ಅವರ ಕೃಪೆಯಿಂದ ಅರವತ್ತು ದಾಟಿದ ಮೇಲೂ ನಾನು ಎದೆಯುಬ್ಬಿಸಿ ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಬೋಧಿಸಿದೆ.

ಸಾಬರ ಘಟಕಕ್ಕೆ ಬಂದ ಜನರಲ್ಲಿ ಬಂಗಾಳದ ಕಡೆಯ ಗಂಡಹೆಂಡತಿ ಇದ್ದರು. ಅವರದೂ ರೇಷ್ಮೆ ಸೀಮೆಯಂತೆ. ಆ ಹೆಂಗಸು ಬೆಂದ ಗೂಡಿನ ಮೇಲೆ ಬೆರಳಾಡಿಸಿ ಎಳೆಯ ತುದಿ ಹುಡುಕಿ ತೆಗೆಯುವುದನ್ನು ಸಾಬರು ಸದನದಲ್ಲಿ ಎಷ್ಟೋ ಸಲ ವರ್ಣಿಸಿದ್ದರು. ಆ ಗಂಡಹೆಂಡತಿ ಗೌಡರ ಸಾಲುಮನೆಯ ಕಡೇ ಕೋಣೆಯಲ್ಲಿದ್ದರು. ಗಂಡ ಕಂಡಾಗಲೆಲ್ಲ ನನಗೆ ಕೈಮುಗಿಯುತ್ತಿದ್ದ. ಕನ್ನಡ ಆಗಲೇ ಒಸಿ ಕಲಿತಿದ್ದ. "ಊಟ ಆಯ್ತಾ ಮೇಷ್ಟ್ರೇ" ಎಂದು ಬೆಳಿಗ್ಗೆ ಏಳು ಗಂಟೆಗೂ ಕೇಳುತ್ತಿದ್ದ. ಹೆಂಡತಿಗೆ ಏಳು ತಿಂಗಳಾಗಿತ್ತು. ಹೆರಿಗೆ ಇಲ್ಲೇ ಆಗಲಿ ಎಂದು ಸಾಬರ ಮನೆಯಾಕೆ ಆಸ್ಪತ್ರೆಗೆ ತೋರಿಸಿಕೊಂಡು ಬರುತ್ತಿದ್ದರು.

ಒಂದು ಭಾನುವಾರ ಗೌಡರು ಪೇಪರ್ ಹಿಡಿದುಕೊಂಡು ಬೆಂಚಿಗೆ ಬಂದರು. ನುಸುಳಿ ಬಂದವರಿಗೆ ಮನೆ ಕೊಟ್ಟ ಯಾವ ಊರಿನವನೋ ಒಬ್ಬನನ್ನು ವಿಚಾರಣೆಗೆ ಕರೆದ ಸುದ್ದಿ ಅದರಲ್ಲಿತ್ತು.

"ಮೇಷ್ಟ್ರೇ, ನಂಗ್ಯಾಕೋ ಎದೆ ಡವ ಡವ ಅಂತೈತೆ. ಆ ಕಡೇ ರೂಮ್ನೋರ ಕಾಗ್ದ ಒಸಿ ನೋಡ್ಬುಡಿ. ನೀವು ಸರಿ ಅಂದ್ರೆ ಇರ್ಲಿ."

ಸಾಬರು ಆ ದಿನ ಗೂಡು ಕೊಳ್ಳಲು ಚನ್ನಪಟ್ಟಣಕ್ಕೆ ಹೋಗಿದ್ದರು. ಗೌಡರು ಆಳು ಕಳಿಸಿ ಗಂಡನನ್ನು ಕರೆಸಿದರು. ಅವನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಕಾಗದಗಳನ್ನು ತಂದು ಎರಡೂ ಕೈಯಲ್ಲಿ ನನಗೆ ಕೊಟ್ಟ. ಒಂದು ಮತದಾರರ ಚೀಟಿ. ಇನ್ನೊಂದು ಅವರೂರ ಪಂಚಾಯಿತಿಯವರು ಇಂಗ್ಲಿಷಿನಲ್ಲಿ ಬರೆದುಕೊಟ್ಟ ಪತ್ರ, ಮನೆಯ ನಾಲ್ವರ ವಿವರ ಅದರಲ್ಲಿತ್ತು. ನಾನು ಕನ್ನಡಕ ಒರೆಸಿದೆ. ಪತ್ರವನ್ನು ಬೆಳಕಿಗೆ ಹಿಡಿದೆ. ಬೆಳಕಿಗೆ ಹಿಡಿದರೆ ಏನು ಕಾಣುತ್ತದೆಂದು ನನಗೆ ಇವತ್ತಿಗೂ ಗೊತ್ತಿಲ್ಲ, ಆದರೆ ಹಾಗೆ ಹಿಡಿದಾಗ ಸುತ್ತಲಿನವರು ಉಸಿರು ಬಿಗಿಹಿಡಿಯುತ್ತಾರೆ. ಅಷ್ಟರಲ್ಲಿ ಟೀ ಕುಡಿಯಲು ಬಂದಿದ್ದ ಏಳೆಂಟು ಜನ ಸುತ್ತ ನಿಂತಿದ್ದರು.

ಗಂಡ, ಹೆಂಡತಿ, ಗಂಡನ ತಮ್ಮ, ತಾಯಿ. ವರ್ಷ ಬೇರೆ ಬೇರೆ. ನಾಲ್ವರೂ ಹುಟ್ಟಿದ್ದು ಜನವರಿ ಒಂದು.

ನನಗೆ ತಿಳಿಯಲಿಲ್ಲ ಎಂದು ಬರೆದುಬಿಡಬಹುದು. ಓದುವವರು ನಂಬಿಯೂ ನಂಬುತ್ತಾರೆ. ಆದರೆ ನನಗೆ ಆ ಕ್ಷಣವೇ ತಿಳಿಯಿತು. ಎರಡು ಸಾವಿರ ಕಿಲೋಮೀಟರ್ ಆಚೆ ನನ್ನಂಥವನೇ ಒಬ್ಬ ಮೇಷ್ಟ್ರೋ ಗುಮಾಸ್ತನೋ ಕೂತು, ದಿನ ಗೊತ್ತಿಲ್ಲದವರಿಗೆಲ್ಲ ದಿನ ಹಂಚಿದ್ದಾನೆ. ನಾನು ಜೂನ್ ಹಿಡಿದೆ, ಅವನು ಜನವರಿ ಹಿಡಿದಿದ್ದಾನೆ, ಅಷ್ಟೇ. ಅರೆಗಳಿಗೆ ನಗುವೂ ಬಂತು. ಆದರೆ ಜನ ನನ್ನ ಮುಖವನ್ನೇ ನೋಡುತ್ತಿದ್ದರು. ಇಷ್ಟು ಹೊತ್ತು ಕಾಗದ ಹಿಡಿದು "ಸರಿಯಿದೆ" ಎಂದಷ್ಟೇ ಹೇಳಿದರೆ ಪರೀಕ್ಷೆ ಮಾಡಿದ ಹಾಗಾಗುವುದಿಲ್ಲ. ತಪ್ಪು ಹುಡುಕದ ಮೇಷ್ಟ್ರನ್ನು ಯಾರು ಮೇಷ್ಟ್ರೆಂದಾರು?

"ಗೌಡ್ರೇ," ಎಂದೆ, ತರಗತಿಗೆ ಕೇಳುವಷ್ಟು ದೊಡ್ಡದಾಗಿ, "ತಾಯಿ, ಇಬ್ಬರು ಗಂಡುಮಕ್ಕಳು, ಸೊಸೆ, ಎಲ್ಲರೂ ಒಂದೇ ತಾರೀಖು ಹುಟ್ಟೋಕೆ ಸಾಧ್ಯವಾ? ಇದು ಕೂತ್ಕೊಂಡು ಬರ್ದಿರೋ ಕಾಗದ."

ಶಿರಸ್ತೇದಾರರು "ಭೇಷ್" ಎಂದರು.

ಗಂಡನಿಗೆ ಮಾತು ಪೂರಾ ಅರ್ಥವಾಗಲಿಲ್ಲ. ಆದರೆ ಗೌಡರ ಮುಖ ಅರ್ಥವಾಯಿತು. ಅವನು ನನ್ನ ಕಡೆ ತಿರುಗಿ, "ಮೇಷ್ಟ್ರೇ, ಸರಿ ಇದೆ. ಎಲ್ಲಾ ಸರಿ ಇದೆ," ಎಂದ. ನಾನು ಕಾಗದಗಳನ್ನು ನೀಟಾಗಿ ಮಡಿಸಿ ಕವರಿಗೆ ಹಾಕಿ ಕೊಟ್ಟೆ. ಕಾಗದ ಮಡಿಸುವುದರಲ್ಲಿ ನಾನು ಯಾವತ್ತೂ ಅಚ್ಚುಕಟ್ಟು.

ಮಾರನೆಯ ದಿನವೇ ಗೌಡರು ಕೋಣೆ ಖಾಲಿ ಮಾಡಿಸಿದರು. ಗಂಡಹೆಂಡತಿ ಪಾತ್ರೆ, ಚಾಪೆ ಸಮೇತ ಸಾಬರ ಘಟಕದ ಮೂಲೆಗೆ ಬಂದರು. ಅಲ್ಲಿ ಒಲೆಯ ಹಬೆ, ಹೊಗೆ; ತುಂಬಿದ ಬಸುರಿ ಮಲಗುವ ಜಾಗವಲ್ಲ. ಸಾಬರು ನಾಲ್ಕು ಕಡೆ ಮನೆ ಕೇಳಿದರು. ಎಲ್ಲ ಕಡೆಯೂ ಒಂದೇ ಉತ್ತರ: ಮೇಷ್ಟ್ರೇ ಸುಳ್ಳು ಕಾಗದ ಅಂದಿದ್ದಾರಂತಲ್ಲ.

ಶುಕ್ರವಾರ ಸಾಬರು ನಮ್ಮ ಮನೆಗೆ ಬಂದರು. ಮನೆಯಾಕೆ ಕೊಟ್ಟ ಕಾಫಿಯನ್ನು ಮುಟ್ಟಲಿಲ್ಲ.

"ಮೇಷ್ಟ್ರೇ, ನಾನು ನಿಮ್ಮ ಹತ್ರ ಜಗಳಕ್ಕೆ ಬಂದಿಲ್ಲ. ನಮ್ಮ ಅಬ್ಬಾ ನನ್ನ ಸ್ಕೂಲಿಗೆ ಹಾಕ್ದಾಗ್ಲೂ ಮೇಷ್ಟ್ರೇ ಡೇಟ್ ಬರ್ಕೊಂಡಿದ್ದು. ನಿಮ್ಗೆ ಗೊತ್ತಿಲ್ದಿರೋದು ಏನೈತೆ. ಹಂಗೆ ಎಲ್ಲಾ ಕಡೆ ಬರೀತಾರೆ, ಅದ್ರಿಂದ ಕಾಗ್ದ ಸುಳ್ಳಾಗಲ್ಲ ಅಂತ ಎರಡು ಸಾಲು ಬರ್ದು ಸೈನ್ ಹಾಕ್ಕೊಡಿ. ಕೋಟೆ ಹತ್ರ ಒಬ್ರು ರೂಮ್ ಕೊಡ್ತೀನಿ ಅಂದವ್ರೆ. ನಿಮ್ಮ ಕೈಬರಹ ಬೇಕಂತೆ."

ಎರಡೇ ಸಾಲು. ಆದರೆ ಆ ಎರಡು ಸಾಲಿನ ಕೆಳಗೆ ನನ್ನ ಸಹಿ ಬಿದ್ದರೆ, ಗೌಡರ ಮಗನ ವಯಸ್ಸು, ಹೋಬಳಿಯ ಅಷ್ಟೂ ಜನರ ವಯಸ್ಸು, ಕಡೆಗೆ ನನ್ನ ವಯಸ್ಸು, ಎಲ್ಲಕ್ಕೂ ನಾನೇ ತಪ್ಪೊಪ್ಪಿಗೆ ಬರೆದುಕೊಟ್ಟ ಹಾಗೆ. ಯಾರಾದರೂ ಅದನ್ನು ಹಿಡಿದುಕೊಂಡು ಹೊರಟರೆ? ನನ್ನ ಪಿಂಚಣಿ ನಿಂತಂತೆ, ಗೌಡರ ಮಗ ಕೆಲಸ ಕಳೆದುಕೊಂಡು ನಮ್ಮ ಬಾಗಿಲಲ್ಲಿ ನಿಂತಂತೆ ಕಣ್ಣ ಮುಂದೆ ಬಂತು. ಇಡೀ ದೇಶದ ಕಾಗದ ಸಾಚಾ ಇರಬೇಕೆಂದು ಹಟ ಹಿಡಿದವನಿಗೆ ತನ್ನದೊಂದು ಕಾಗದದ ನೆನಪಾಗಿ ಬೆವರು ಬಂತು.

"ಬರೆಯೋಣ ಸಾಬ್ರೇ. ಯೋಚನೆ ಮಾಡಿ ಬರೀಬೇಕು. ಸೋಮವಾರ ಬನ್ನಿ."

"ಸೋಮವಾರ ಖಂಡಿತ?"

"ಖಂಡಿತ."

ಸೋಮವಾರ ಬೆಳಿಗ್ಗೆ ನಾನು ಚೀಲಕ್ಕೆ ಒಂದು ಪಂಚೆ ಹಾಕಿಕೊಂಡೆ. "ಎಲ್ಲಿಗೆ?" ಎಂದಳು ಮನೆಯಾಕೆ.

"ಕಲ್ಯಕ್ಕೆ. ದೊಡ್ಡಮ್ಮನ ಮಗನಿಗೆ ಹುಷಾರಿಲ್ಲವಂತೆ."

"ಆರು ವರ್ಷದಿಂದ ಮುಖ ನೋಡಿಲ್ಲ. ಅವ್ರಿಗೆ ಹುಷಾರಿಲ್ಲ ಅಂತ ಯಾರು ಹೇಳಿದ್ರು, ಕನಸಲ್ಲಿ ಬಂದಿದ್ರಾ?" ಎಂದವಳು ಸ್ವಲ್ಪ ತಡೆದು, "ಸಾಬ್ರು ಬಂದ್ರೆ ಏನು ಹೇಳ್ಲಿ?" ಎಂದಳು.

"ಬರ್ತೀನಿ ಅಂತ ಹೇಳು."

ಮಾಗಡಿ ಬಸ್ಸು ಹತ್ತಿದೆ. ದೊಡ್ಡಮ್ಮನ ಮಗ ಹೊಲದಲ್ಲಿ ಕಳೆ ಕೀಳಿಸುತ್ತಿದ್ದ, ನನಗಿಂತ ಗಟ್ಟಿಮುಟ್ಟಾಗಿದ್ದ. ನನ್ನನ್ನು ಕಂಡು ಅವನಿಗೇ ಗಾಬರಿಯಾಯಿತು, ಯಾರೋ ತೀರಿಕೊಂಡ ಸುದ್ದಿ ತಂದಿದ್ದೇನೆಂದು. ಮೂರು ದಿನ ಅಲ್ಲಿದ್ದೆ. ಸೊಪ್ಪಿನ ಸಾರು, ಮುದ್ದೆ, ಒಳ್ಳೆಯ ಉಪಚಾರ. ಪ್ರತಿ ತುತ್ತಿಗೂ ಸಾಬರು ನಮ್ಮ ಬಾಗಿಲಲ್ಲಿ ನಿಂತಿರುವುದು ಕಾಣುತ್ತಿತ್ತು. ಮೂರನೆಯ ದಿನ ಮಧ್ಯಾಹ್ನ ಅವನ ಮೊಮ್ಮಗಳ ಪುಸ್ತಕದಿಂದ ಒಂದು ಹಾಳೆ ಇಸಕೊಂಡು, ಜಗಲಿಯ ಮೇಲೆ ಕೂತು ಬರೆದೆ. ಎರಡು ಸಾಲು ಸಾಲಲಿಲ್ಲ, ಒಂದು ಪುಟವಾಯಿತು. ನಾನು ಎಷ್ಟು ಮಕ್ಕಳಿಗೆ ತಾರೀಖು ಕೊಟ್ಟೆ, ಹೇಗೆ ಕೊಟ್ಟೆ ಎಂಬುದನ್ನೂ ಬರೆದೆ. ಸಹಿ ಹಾಕಿದೆ. ಮನಸ್ಸು ಹಗುರಾಯಿತು ಎಂದು ಬರೆದರೆ ಅದು ಇನ್ನೊಂದು ಸುಳ್ಳು. ಬಸ್ಸಿನಲ್ಲಿ ಬರುವಾಗ ಎರಡು ಸಲ ಹರಿಯಲು ತೆಗೆದು, ಎರಡು ಸಲ ಜೇಬಿಗೆ ಹಾಕಿಕೊಂಡೆ.

ಬಸ್ಸಿಳಿದವನು ಮನೆಗೆ ಹೋಗದೆ ನೇರ ಘಟಕಕ್ಕೆ ಹೋದೆ. ಮೂಲೆಯಲ್ಲಿ ಚಾಪೆ ಇರಲಿಲ್ಲ. ಸಾಬರು ಒಂದು ಒಲೆಯ ಮುಂದೆ ತಾವೇ ಕೂತು ಬಿಸಿನೀರಿನಲ್ಲಿ ಎಳೆ ಹುಡುಕುತ್ತಿದ್ದರು. ಕೈ ಒರೆಸಿಕೊಂಡು ಎದ್ದು ಕುರ್ಚಿ ಹಾಕಿದರು. ನನಗೆ ಕೂರುವ ಧೈರ್ಯವಾಗಲಿಲ್ಲ.

"ನಿನ್ನೆ ಹೋದ್ರು," ಎಂದರು. "ರೈಲು ಹತ್ತಿಸಿ ಬಂದೆ. ಸೋಮವಾರ ಎರಡು ಸಲ, ಮಂಗಳವಾರ ಒಂದ್ಸಲ ನಿಮ್ಮ ಮನೆ ಹತ್ರ ಬಂದಿದ್ದೆ. ಅವನೂ ಬಂದಿದ್ದ, ಗೇಟಿನ ಹೊರಗಡೆ ನಿಂತಿದ್ದ. ಈ ಸ್ಥಿತೀಲಿ ಮೂರು ದಿನ ರೈಲಲ್ಲಿ ಕೂತ್ಕೊಂಡು ಹೋಗ್ಬೇಡ ತಾಯಿ ಅಂತ ನಮ್ಮನೇವ್ರು ಎಷ್ಟೋ ಹೇಳಿದ್ರು. ಇಲ್ಲಿದ್ರೆ ಯಾರಾದ್ರೂ ಬಂದು ಹಿಡ್ಕೊಂಡು ಹೋಗ್ತಾರೆ ಅಂತ ಆ ಹೆಣ್ಮಗಳಿಗೆ ಭಯ ಹತ್ಬುಟ್ಟಿತ್ತು."

ನಾನು ಹಾಳೆ ಕೊಟ್ಟೆ. ಅವರು ಅದನ್ನು ಬಾಗಿಲ ಹತ್ತಿರ ಒಯ್ದು ನಿಧಾನವಾಗಿ ಓದಿದರು. ಓದಿ ಮುಗಿಯುವವರೆಗೆ ನಾನು ಪಾಠ ಒಪ್ಪಿಸಲು ಬಂದವನ ಹಾಗೆ ಕೈಕಟ್ಟಿ ನಿಂತಿದ್ದೆ.

"ಚೆನ್ನಾಗಿ ಬರ್ದಿದೀರ ಮೇಷ್ಟ್ರೇ. ಏನೂ ಬಿಟ್ಟಿಲ್ಲ."

"ಅವರಿಗೆ ಕಳಿಸಿಬಿಡಿ. ರಿಜಿಸ್ಟರ್ ಮಾಡಿ ಕಳಿಸೋಣ. ಇದನ್ನ ಇಟ್ಟುಕೊಂಡು ವಾಪಸ್ ಬರಲಿ, ಮನೆ ನಾನು ಕೊಡಿಸ್ತೀನಿ."

"ಎಲ್ಲಿಗೆ ಕಳಿಸ್ಲಿ? ನಂಗೆ ಅವ್ರೂರ ಹೆಸರು ಗೊತ್ತಿಲ್ಲ. ಬಂಗಾಳ ಅಂತ ಗೊತ್ತು. ಅವನ ಹತ್ರ ಫೋನಿಲ್ಲ. ನಾನು ಅವ್ನ ಕೆಲ್ಸ ನೋಡ್ದೆ, ಕಾಗ್ದ ಕೇಳ್ಲೇ ಇಲ್ಲ. ನೀವು ಓದಿದ್ರಲ್ಲ. ಅದ್ರಲ್ಲಿ ಊರು, ಪೋಸ್ಟು ಎಲ್ಲಾ ಇರ್ಬೇಕಲ್ವಾ?"

ಇತ್ತು. ಇಂಗ್ಲಿಷಿನಲ್ಲಿ, ಪತ್ರದ ತಲೆಯ ಮೇಲೆಯೇ, ಮೂರು ಸಾಲು ಇತ್ತು. ಸೀಲಿನಲ್ಲೂ ಇತ್ತು. ಕಾಲು ಗಂಟೆ ಅದನ್ನು ಕೈಯಲ್ಲಿ ಹಿಡಿದಿದ್ದೆ. ನಾನು ಕಣ್ಣುಮುಚ್ಚಿದೆ. ಜನವರಿ ಒಂದು ನಾಲ್ಕು ಸಲ ಕಾಣಿಸಿತು, ಊರು ಕಾಣಿಸಲಿಲ್ಲ.

"ಅದನ್ನ ನೋಡಲಿಲ್ಲ," ಎಂದೆ.

ಸಾಬರು ಹಾಳೆಯನ್ನು ನನ್ನ ಕೈಗೆ ವಾಪಸ್ ಕೊಟ್ಟು, ಗೂಡು ಹೆಚ್ಚು ಬೆಂದು ಹೋದೀತೆಂದು ಒಲೆಯ ಹತ್ತಿರ ಹೋಗಿ ಕೂತರು.